ಗೋಗಿಯ ಗೋರಿಗಳು, ಗೋಗಿಯ ಹೊಲಗಳು

ಆದಿಲ್ ಶಾಹಿಗಳೆಂದರೆ ನಿಮ್ಮ ಕಣ್ಣ ಮುಂದೆ ಬಿಜಾಪುರದ ಗೋಲಗುಮ್ಮಟ ಬಂದು ನಿಲ್ಲುತ್ತದೆ. ಆದರೆ ಆ ವಂಶದ ಮೊದಲ ನಾಲ್ವರು ಸುಲ್ತಾನರು ಮಣ್ಣಾದದ್ದು ಬಿಜಾಪುರದಲ್ಲಲ್ಲ, ನಮ್ಮ ಶಹಾಪುರ ತಾಲೂಕಿನ ಗೋಗಿಯಲ್ಲಿ. 1510ರಲ್ಲಿ ತೀರಿಕೊಂಡ ಯೂಸುಫ್, 1534ರಲ್ಲಿ ಅವರ ಮಗ ಇಸ್ಮಾಯಿಲ್, ಕೆಲವೇ ತಿಂಗಳು ಆಳಿದ ಮಲ್ಲೂ, 1558ರಲ್ಲಿ ಮೊದಲನೇ ಇಬ್ರಾಹೀಂ. ಹಜರತ್ ಚಂದಾ ಹುಸೇನಿಯವರ ದರ್ಗಾದ ಬಳಿ ಇವರ ಗೋರಿಗಳಿವೆ. ಗೋಲಗುಮ್ಮಟದ ಆಡಂಬರವನ್ನು ಇಲ್ಲಿ ಹುಡುಕಬೇಡಿ. ಉರುಸಿಗೆ ಹೋದವರಲ್ಲಿ ಎಷ್ಟು ಜನ ಈ ಗೋರಿಗಳ ಮುಂದೆ ನಿಲ್ಲುತ್ತಾರೋ!

ಈ ಇಬ್ರಾಹೀಂ ಸರಕಾರಿ ಲೆಕ್ಕಪತ್ರಗಳನ್ನು ಪಾರ್ಸಿ ಬಿಡಿಸಿ ಹಿಂದವಿಯಲ್ಲಿ ಬರೆಸಿದರೆಂದು ಇತಿಹಾಸಕಾರ ಫಿರಿಶ್ತಾ ಹೇಳುತ್ತಾನೆ. ವಿದ್ಯಾರ್ಥಿಗಳೇ, ಇದು ಸಣ್ಣ ಮಾತಲ್ಲ. ಕಂದಾಯದ ಲೆಕ್ಕ ಯಾವ ಭಾಷೆಯಲ್ಲಿದೆ ಎಂಬುದು ರೈತನ ಹೊಟ್ಟೆಪಾಡಿನ ಪ್ರಶ್ನೆ.

ಮುಂದೆ ಈ ಸೀಮೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. 1948ರ ನಂತರ ಭಾರತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಯಾದಗಿರಿ ಜಿಲ್ಲೆಯಾದದ್ದು 2009ರಲ್ಲಿ.

ಹೊಲಗಳ ಕಥೆಯೂ ಅಷ್ಟೇ ದೊಡ್ಡದು. ಜೋಳ, ತೊಗರಿ, ಹತ್ತಿ ಇಲ್ಲಿನ ಹಳೆಯ ಬೆಳೆಗಳು. ಆದರೆ ಇಂದು ಬಿತ್ತುವ ಹತ್ತಿಯ ಮೂಲ ತಳಿ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ್ದು; ರೊಟ್ಟಿಯ ಜೊತೆಗಿನ ಮೆಣಸಿನಕಾಯಿಯೂ ಆ ಖಂಡದಿಂದಲೇ ಬಂದದ್ದು. ಯೂಸುಫ್ ತೀರಿಕೊಂಡ 1510ರಲ್ಲೇ ಪೋರ್ಚುಗೀಸರು ಆದಿಲ್ ಶಾಹಿಗಳಿಂದ ಗೋವೆಯನ್ನು ಕಸಿದುಕೊಂಡರು. ರಾಜ್ಯಕ್ಕೆ ಅದು ನಷ್ಟ. ಆದರೆ ಮೆಣಸಿನಕಾಯಿಯನ್ನು ಈ ದೇಶಕ್ಕೆ ತಂದವರೂ ಆ ಪೋರ್ಚುಗೀಸರೇ.

ನಾರಾಯಣಪುರ ಜಲಾಶಯದ ಕಾಲುವೆಗಳಿಂದ ಕೃಷ್ಣೆಯ ನೀರು ಬಂದ ಮೇಲೆ ತಾಲೂಕಿನ ಚಿತ್ರವೇ ಬದಲಾಯಿತು. ಮಳೆ ನಂಬಿದ್ದ ಕಪ್ಪು ಭೂಮಿಯಲ್ಲಿ ಭತ್ತ ಕಾಣಿಸಿತು, ಭೂಮಿಯ ಬೆಲೆ ಏರಿತು. ಜೊತೆಗೆ ಕೆಲವೆಡೆ ಸವುಳು ಜವುಳೂ ಬಂದವು. ಕಾಲುವೆಯ ಕೊನೆಯಲ್ಲಿ ಹೊಲವಿದ್ದವರಿಗೆ ನೀರು ಇಂದಿಗೂ ಜಗಳದ ಮಾತೇ.

ಇಷ್ಟರಲ್ಲಿ ಗೋಗಿಯ ನೆಲದಡಿ ಯುರೇನಿಯಂ ಪತ್ತೆಯಾಯಿತು. ಸುಣ್ಣಕಲ್ಲು ಮತ್ತು ಗ್ರಾನೈಟ್ ಸೇರುವ ಬಿರುಕಿನಲ್ಲಿ ಸಿಕ್ಕ ಈ ಅದಿರು ನಮ್ಮ ದೇಶದ ಇತರ ಅನೇಕ ನಿಕ್ಷೇಪಗಳಿಗಿಂತ ಉತ್ತಮ ದರ್ಜೆಯದು. ಅಣುವಿದ್ಯುತ್ತಿಗೆ ಅದು ಬೇಕು, ನಿಜ. ಆದರೆ ಬಾವಿಯ ನೀರು ಏನಾದೀತು, ಹೊಲ ಹೋದರೆ ಮುಂದೇನು ಎಂದು ಊರವರು ಕೇಳಿದರು, ಪ್ರತಿಭಟನೆಗೂ ಇಳಿದರು. ಅವರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸರಿ ಕಾಣದು. ನೀವು ವಿಜ್ಞಾನ ಓದುತ್ತಿದ್ದರೆ ಒಮ್ಮೆ ಗೋಗಿಗೆ ಹೋಗಿ. ಗೋರಿಗಳ ಬಳಿ ಫಾತಿಹಾ ಓದಿ, ಆಮೇಲೆ ಹೊಲದ ಕಡೆ ನಡೆದು ಅಲ್ಲಿನ ರೈತರ ಮಾತು ಕೇಳಿ.