ನಿಷ್ಠೆಗೆ ಸಂದ ಕೋವಿ: ಕೊಡಗಿನ ವಿನಾಯಿತಿಯ ಚರಿತ್ರೆ

ಭಾರತದಲ್ಲಿ ನಾಗರಿಕರು ಕೋವಿ ಇಟ್ಟುಕೊಳ್ಳುವ ವಿಚಾರವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ನಿಯಂತ್ರಿಸುತ್ತದೆ. ಅದರ 3ನೆಯ ಸೆಕ್ಷನ್ನಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಬಂದೂಕನ್ನು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಹೊತ್ತು ತಿರುಗುವಂತಿಲ್ಲ. ಅದೇ ಕಾಯ್ದೆಯ 41ನೆಯ ಸೆಕ್ಷನ್ ಸಾರ್ವಜನಿಕ ಹಿತವನ್ನು ನೋಡಿ ಯಾವುದೇ ವರ್ಗದ ಜನರನ್ನು ಈ ಕಟ್ಟಿನಿಂದ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ, ಮತ್ತು ಆ ಅಧಿಕಾರದ ಬಲದಿಂದ ಹೊರಟ ಅಧಿಸೂಚನೆಯಲ್ಲಿ ಇಂದಿಗೂ ಎರಡು ಬಗೆಯವರು ಹೆಸರಿಸಲ್ಪಟ್ಟಿದ್ದಾರೆ: 'ಕೊಡಗು ಕುಲ'ದ ಪ್ರತಿಯೊಬ್ಬ ವ್ಯಕ್ತಿ ಮತ್ತು ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರ. ಇಲ್ಲಿ ಕುಲವೆಂದು ಹೇಳಿದ ಕಡೆ ಮೂಲದ ಇಂಗ್ಲಿಷಿನಲ್ಲಿರುವುದು 'ರೇಸ್' ಎಂಬ ಪದ. ಸಮಾನತೆಯನ್ನು ಸಾರುವ ಗಣರಾಜ್ಯದ ಕಡತದಲ್ಲಿ ಅಂಥ ಪದ ಉಳಿದುಬಂದದ್ದು ಹೇಗೆ ಎಂಬುದನ್ನು ಅರಿಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗಕ್ಕೆ ಹೋಗಬೇಕು. ಜನರ ಕೈಯಲ್ಲಿ ಕೋವಿ ಇರಬೇಕೆ ಬೇಡವೆ ಎಂಬ ವಾದ ಈ ನಾಡಿನಲ್ಲಿ ನಡೆದದ್ದು ಹಕ್ಕಿನ ಭಾಷೆಯಲ್ಲಿ ಕಡಿಮೆ, ಅನುಗ್ರಹದ ಭಾಷೆಯಲ್ಲಿ ಹೆಚ್ಚು. ಆ ಅನುಗ್ರಹ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದರಲ್ಲೇ ಅದರ ಚರಿತ್ರೆ ಅಡಗಿದೆ.

1857ರ ಬಂಡಾಯ ಉತ್ತರದಲ್ಲಿ ಇನ್ನೂ ಆರಿರದ ಕಾಲದಲ್ಲಿ ಕಂಪನಿ ಸರ್ಕಾರ ಜನರ ಬಳಿಯಿದ್ದ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಅಥವಾ ಅನುಮತಿ ಪಡೆದು ಇಟ್ಟುಕೊಳ್ಳಬೇಕು ಎಂಬ ಶಾಸನವನ್ನು ತಂದಿತು. ಕನ್ನಡ ನಾಡಿನಲ್ಲಿ ಈ ನಿಶ್ಶಸ್ತ್ರೀಕರಣವನ್ನು ಎದುರಿಸಿದ ಊರುಗಳಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಹೆಸರು ಮೊದಲು ಬರುತ್ತದೆ. ಬೇಟೆ ಮತ್ತು ಕಾವಲುಗಾರಿಕೆಯನ್ನೇ ಬದುಕಾಗಿಸಿಕೊಂಡಿದ್ದ ಅಲ್ಲಿನ ಬೇಡರಿಗೆ ಹತಾರವೆಂದರೆ ಅನ್ನದ ದಾರಿಯೂ ಹೌದು, ಮಾನದ ಗುರುತೂ ಹೌದು. ಅದನ್ನು ಒಪ್ಪಿಸಲು ಅವರು ನಿರಾಕರಿಸಿದಾಗ ನವೆಂಬರ್ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಪಡೆ ಊರಿಗೆ ನುಗ್ಗಿ ಬೆಂಕಿ ಹಚ್ಚಿತು, ಮತ್ತು ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಆ ಘಟನೆಯ ಮೇಲೆ ಹುಟ್ಟಿದ ಲಾವಣಿಯನ್ನು ಮುಂದೆ ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಸಂಗ್ರಹಿಸಿ ಪ್ರಕಟಿಸಿದನೆಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು. ಮರುವರ್ಷ ನರಗುಂದದ ಬಾಬಾಸಾಹೇಬನ ಬಂಡಾಯಕ್ಕೂ ಇದೇ ಶಸ್ತ್ರ ಒಪ್ಪಿಸುವ ಹುಕುಂ ಕಾರಣಗಳಲ್ಲೊಂದಾಗಿತ್ತು.

ಹಲಗಲಿಯಲ್ಲಿ ಯಾವ ಕಾರಣಕ್ಕೆ ಊರೇ ಸುಟ್ಟುಹೋಯಿತೋ ಅದೇ ಕಾರಣ ಕೊಡಗಿನಲ್ಲಿ ಮರ್ಯಾದೆಯ ಪತ್ರವೊಂದನ್ನು ತಂದುಕೊಟ್ಟಿತು. ಇದರ ಹಿನ್ನೆಲೆಯಲ್ಲಿ ಜಮ್ಮಾ ಎಂಬ ಭೂಹಿಡುವಳಿಯ ಪದ್ಧತಿಯಿದೆ. ಹಾಲೇರಿ ವಂಶದ ಅರಸರ ಕಾಲದಲ್ಲಿ ಜಮ್ಮಾ ಎಂದರೆ ಸೈನಿಕ ಸೇವೆಯ ಹೊಣೆಯೊಂದಿಗೆ ವಂಶಪಾರಂಪರ್ಯವಾಗಿ ಅನುಭವಿಸುವ ಗದ್ದೆ ಮತ್ತು ಅದಕ್ಕೆ ಸೇರಿದ ಬಾಣೆ, ಅಂದರೆ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟ ಕಾಡುಭೂಮಿ. ಹಿಡುವಳಿದಾರ ಸಾಮಾನ್ಯ ರೈತನ ಅರ್ಧದಷ್ಟು ಕಂದಾಯ ಕೊಟ್ಟರೆ ಸಾಕಿತ್ತು, ಉಳಿದರ್ಧಕ್ಕೆ ಬದಲಾಗಿ ಅರಸನ ಕರೆ ಬಂದಾಗ ಆಯುಧ ಹಿಡಿದು ಹಾಜರಾಗಬೇಕಿತ್ತು. ಸಂಬಳದ ಸೈನ್ಯ ಸಣ್ಣದಾಗಿದ್ದ ಗುಡ್ಡಗಾಡಿನಲ್ಲಿ ಒಕ್ಕಲುಗಳೇ ಸೇನೆ. ಬೆಟ್ಟದ ಸಾಲುಗಳುದ್ದಕ್ಕೂ ತೋಡಿದ ಕಡಂಗಗಳೆಂಬ ಆಳವಾದ ಕಂದಕಗಳು ಆ ವ್ಯವಸ್ಥೆಯ ಕುರುಹುಗಳಾಗಿ ಇಂದಿಗೂ ತೋಟಗಳ ನಡುವೆ ಕಾಣಸಿಗುತ್ತವೆ. ಆದ್ದರಿಂದ ಕೋವಿ ಇಲ್ಲಿ ಮೊದಲು ಒಡೆಯನ ಸ್ವತ್ತಾಗಿ ಬಂದುದಲ್ಲ, ಭೂಮಿಗೆ ಅಂಟಿಕೊಂಡ ಕರ್ತವ್ಯವಾಗಿ ಬಂದುದು. ಜಮ್ಮಾ ಕೊಡವರಿಗೆ ಮಾತ್ರ ಸೀಮಿತವಾಗಿರದೆ ಅರೆಭಾಷೆ ಗೌಡರೇ ಮೊದಲಾದ ಇತರ ಸಮುದಾಯಗಳಿಗೂ ಸಿಕ್ಕಿತ್ತು. ಆದರೆ ಆ ಗದ್ದೆಗಳಲ್ಲಿ ಜೀತದ ಆಳುಗಳಾಗಿ ದುಡಿದ ಯರವರಿಗೆ ಭೂಮಿಯೂ ಇರಲಿಲ್ಲ, ಅದರೊಂದಿಗೆ ಬರುವ ಕೋವಿಯೂ ಇರಲಿಲ್ಲ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಕೊಡಗನ್ನು ತನ್ನದಾಗಿಸಿಕೊಂಡಿತು. ಆಗ ಕೊಡಗಿಗೆ ಸೇರಿದ್ದ ಅಮರ ಸುಳ್ಯ ಸೀಮೆಯನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಹಚ್ಚಿತು. ಅಲ್ಲಿಯವರೆಗೆ ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಗಿ ಬಂದ ರೈತರು 1837ರಲ್ಲಿ ದಂಗೆ ಎದ್ದು, ಸುಳ್ಯದಿಂದ ಹೊರಟು ಪುತ್ತೂರು, ಬಂಟ್ವಾಳಗಳನ್ನು ದಾಟಿ ಮಂಗಳೂರನ್ನು ಕೆಲವು ದಿನ ವಶದಲ್ಲಿಟ್ಟುಕೊಂಡರು. ಆ ಬಂಡಾಯವನ್ನು ಅಡಗಿಸುವಲ್ಲಿ ಕೊಡವ ಮುಖಂಡರಲ್ಲಿ ಹಲವರು ಕಂಪನಿಯ ಬೆನ್ನಿಗೆ ನಿಂತರು, ಮತ್ತು ನೆರವಾದವರಿಗೆ ಸರ್ಕಾರ ವಿಶೇಷ ಪದಕಗಳನ್ನು ಟಂಕಿಸಿ ಹಂಚಿತು. ಬಂಡಾಯದ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಈ ಪ್ರಸಂಗವನ್ನು ಇಂದಿನ ಸಮುದಾಯಗಳ ಮೇಲೆ ಹೊರಿಸಿ ನೋಡುವುದು ನ್ಯಾಯವಲ್ಲ, ಎರಡೂ ಕಡೆ ಕೊಡವರೂ ಗೌಡರೂ ಇದ್ದರು. ಆದರೂ ಕೋವಿಯ ವಿನಾಯಿತಿಗೆ ಬುನಾದಿ ಬಿದ್ದದ್ದು ಈ ವರ್ಷದಲ್ಲಿ ಎಂಬುದನ್ನು ಮರೆಮಾಚಿ ಅದರ ಚರಿತ್ರೆಯನ್ನು ಬರೆಯಲಾಗದು.

ಮೈಸೂರು ಮತ್ತು ಕೊಡಗುಗಳ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಹೊರಡಿಸಿದ ಘೋಷಣೆ ಚಿಕ್ಕದು. ಈ ಪುಟ್ಟ ಯೋಧಜನರ ಗೌರವ, ನಿಷ್ಠೆ, ಧೈರ್ಯಗಳನ್ನು ಮನಗಂಡು, ಬ್ರಿಟಿಷ್ ಸರ್ಕಾರಕ್ಕೆ ಅವರು ಸಲ್ಲಿಸಿದ ಸೇವೆಯನ್ನು ನೆನೆದು, ನಿಶ್ಶಸ್ತ್ರೀಕರಣ ಕಾಯ್ದೆ ಕೊಡಗಿಗೆ ಅನ್ವಯಿಸುವುದಿಲ್ಲ ಎಂಬುದು ಅದರ ಸಾರ. ಕಬ್ಬನ್ ಅದಾಗಿ ಎರಡೇ ತಿಂಗಳಲ್ಲಿ, ಊರಿಗೆ ಮರಳುವ ದಾರಿಯಲ್ಲಿ, ಸೂಯೆಜ್‌ನಲ್ಲಿ ತೀರಿಕೊಂಡ. ಬೆಂಗಳೂರಿನವರಿಗೆ ಉದ್ಯಾನದ ಹೆಸರಾಗಿ ಉಳಿದವನು ಕೊಡಗಿಗೆ ಆ ಘೋಷಣೆಯಾಗಿ ಉಳಿದ. ಗಮನಿಸಬೇಕಾದದ್ದು ಅದರಲ್ಲಿ ಹೇಳದೆ ಬಿಟ್ಟದ್ದನ್ನು: ಕಾಡುಪ್ರಾಣಿಗಳ ಕಾಟವಾಗಲಿ, ಒಂಟಿ ಮನೆಗಳ ರಕ್ಷಣೆಯಾಗಲಿ, ಹಬ್ಬಹರಿದಿನಗಳಾಗಲಿ ಅಲ್ಲಿ ಕಾರಣವಾಗಿ ಬರುವುದಿಲ್ಲ. ಇಂದು ವಿನಾಯಿತಿಯ ಪರವಾಗಿ ಮಂಡಿಸುವ ಈ ವಾದಗಳೆಲ್ಲ ಅದು ಸಿಕ್ಕ ಮೇಲೆ ಅದರ ಸುತ್ತ ಬೆಳೆದವು.

ಹಾಗೆಂದು ಆ ವಾದಗಳು ಪೊಳ್ಳಲ್ಲ, ಏಕೆಂದರೆ ಆಚಾರವೆಂಬುದು ಘೋಷಣೆಗಿಂತ ಹಳೆಯದು. ಗಂಡು ಮಗು ಹುಟ್ಟಿದರೆ ಮನೆಯಂಗಳದಲ್ಲಿ ಒಂದು ಈಡು ಹಾರಿಸುವುದು, ಔಡಲ ಕಡ್ಡಿಯ ಪುಟ್ಟ ಬಿಲ್ಲುಬಾಣವನ್ನು ಕೂಸಿನ ಕೈಗೆ ಮುಟ್ಟಿಸುವುದು, ಸಾವಾದರೆ ಬೆನ್ನುಬೆನ್ನಿಗೆ ಎರಡು ಈಡು ಹಾರಿಸುವುದು ಕೊಡವರ ಪದ್ಧತಿ. ಬೀದಿ ಕಟ್ಟಿಕೊಂಡು ವಾಸಿಸುವ ಬಯಲುಸೀಮೆಯಲ್ಲಿ ಸಾವಿನ ಸುದ್ದಿ ಬಾಯಿಂದ ಬಾಯಿಗೆ ಹೋದೀತು. ಒಂದು ಐನ್‌ಮನೆಗೂ, ಅಂದರೆ ಒಕ್ಕವೆಂದು ಕರೆಯುವ ಕುಲದ ಮೂಲಮನೆಗೂ, ಇನ್ನೊಂದಕ್ಕೂ ನಡುವೆ ಗುಡ್ಡ, ಗದ್ದೆ, ತೋಡು ಅಡ್ಡವಿರುವ ಕಡೆ ಮಳೆಗಾಲದ ಕತ್ತಲಲ್ಲಿ ಅದನ್ನು ಮುಟ್ಟಿಸಬಲ್ಲದ್ದು ಕೋವಿಯ ಸದ್ದು ಮಾತ್ರ, ಆದ್ದರಿಂದಲೇ ಒಂದು ಮತ್ತು ಎರಡರ ಲೆಕ್ಕ ಅಷ್ಟು ಮುಖ್ಯ. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಈಡು ಹಾರುತ್ತದೆ.

ಎಲ್ಲಕ್ಕಿಂತ ಆಯುಧಕ್ಕೆ ಹತ್ತಿರವಾದ ಹಬ್ಬ ಕೈಲ್‌ಪೊಳ್ದ್. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಮೊದಲ ವಾರದಲ್ಲಿ ಇದು ಬರುತ್ತದೆ; ಬೇಸಾಯದ ದಿನಗಳಲ್ಲಿ ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇರಿಸಿದ್ದ ಆಯುಧಗಳನ್ನು ಹೊರತೆಗೆದು, ಒರೆಸಿ, ಗಂಧ ಹಚ್ಚಿ, ತೂಗುದೀಪದ ಮುಂದೆ ಸಾಲಾಗಿ ಇಡುತ್ತಾರೆ. ಬೆನ್ನಿಗೆ ಸಿಕ್ಕಿಸುವ ಅಗಲ ಬಾಯಿಯ ಒಡಿಕತ್ತಿ, ಸೊಂಟದ ಮುಂದೆ ಸಿಕ್ಕಿಸುವ ಬೆಳ್ಳಿ ಸರಪಳಿಯ ಪೀಚೆಕತ್ತಿ, ಅವುಗಳ ಪಕ್ಕದಲ್ಲಿ ಕೋವಿ. ಕೋವಿಯ ನಳಿಗೆಯ ಬಾಯಿಗೆ ಕೆಂಪು ಹಳದಿ ಬಣ್ಣದ, ಎಸಳು ಮೇಲಕ್ಕೆ ಬಾಗಿದ ಗೌರಿ ಹೂವನ್ನು ಮುಡಿಸುತ್ತಾರೆ. ಕೊಡವ ಭಾಷೆಯಲ್ಲಿ ಕೋವಿಗೆ ತೋಕ್ ಎಂದು ಹೆಸರು, ಈ ಹೂವಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಎಂದು ಹೆಸರು; ಕಾಡುಬಳ್ಳಿಯ ಹೂವೊಂದು ಬಂದೂಕಿನ ಹೆಸರು ಪಡೆಯುವಷ್ಟರ ಮಟ್ಟಿಗೆ ಆಯುಧ ಭಾಷೆಯೊಳಗೆ ಇಳಿದಿದೆ. ಮಧ್ಯಾಹ್ನ ಕಡಂಬುಟ್ಟು ಮತ್ತು ಹಂದಿಕರಿಯ ಊಟ, ಅದಾದ ಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹಿಂದೆ ಹುಲಿ ಕೊಂದವನಿಗೆ ಮದುಮಗನ ಉಡುಗೆ ತೊಡಿಸಿ ನರಿಮಂಗಲ ಎಂಬ ಶಾಸ್ತ್ರ ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆಯೂ ನಿಂತಿತು, ಆ ಮದುವೆಯೂ ನಿಂತಿತು.

ಕೊಡಗಿನ ಹೊರಗೆ, ಕಬ್ಬನ್ನನ ಘೋಷಣೆಯ ನಂತರದ ದಶಕಗಳಲ್ಲಿ, ಕೋವಿಯ ವಿಚಾರ ಬೇರೊಂದು ದಾರಿ ಹಿಡಿದಿತ್ತು. ಲಾರ್ಡ್ ಲಿಟ್ಟನ್ನನ ಕಾಲದಲ್ಲಿ ಬಂದ 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ ಯುರೋಪಿಯನ್ನರನ್ನು ಅದರಿಂದ ಹೊರಗಿಟ್ಟದ್ದು ವಿದ್ಯಾವಂತ ಭಾರತೀಯರಿಗೆ ದೊಡ್ಡ ಅವಮಾನವಾಗಿ ಕಂಡಿತು, ಮತ್ತು 1887ರ ಮದರಾಸು ಅಧಿವೇಶನದಿಂದ ಮೊದಲ್ಗೊಂಡು ಕಾಂಗ್ರೆಸ್ಸು ಅದರ ವಿರುದ್ಧ ಠರಾವುಗಳನ್ನು ಮಾಡುತ್ತ ಬಂತು. ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿಯವರೇ 1918ರಲ್ಲಿ ಖೇಡಾದಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುವಾಗ, ಇಡೀ ರಾಷ್ಟ್ರವನ್ನು ನಿರಾಯುಧಗೊಳಿಸಿದ ಈ ಕಾಯ್ದೆಯನ್ನು ಬ್ರಿಟಿಷ್ ಆಳ್ವಿಕೆಯ ಅತ್ಯಂತ ಕರಾಳ ಕೃತ್ಯವೆಂದು ಚರಿತ್ರೆ ಎಣಿಸುವುದೆಂದು ಬರೆದರು. 1930ರಲ್ಲಿ ಅವರು ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಕೋವಿಯ ಪರವಾನಗಿಯೂ ಒಂದಾಗಿತ್ತು. ಕಾಂಗ್ರೆಸ್ಸಿನ 1931ರ ಕರಾಚಿ ಠರಾವು ಕಟ್ಟುಪಾಡುಗಳಿಗೊಳಪಟ್ಟು ಆಯುಧ ಧರಿಸುವುದು ಪ್ರತಿಯೊಬ್ಬ ಪ್ರಜೆಯ ಹಕ್ಕು ಎಂದಿತು. ಇಲ್ಲಿ ಕೋವಿಯ ಪ್ರಶ್ನೆ ನಿಷ್ಠೆಗೆ ಕೊಡುವ ಬಹುಮಾನವೆಂಬ ನೆಲೆಯಿಂದ ಸರಿದು, ಸಮಾನ ಪೌರತ್ವದ ಗುರುತೆಂಬ ನೆಲೆಗೆ ಬಂದಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಆ ನೆಲೆ ನಿಲ್ಲಲಿಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರು ಮೂಲದ ಎಚ್. ವಿ. ಕಾಮತ್ ಕರಾಚಿಯ ಮಾತನ್ನೇ ನೆನಪಿಸಿ, ಆಯುಧ ಧರಿಸುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸುವ ತಿದ್ದುಪಡಿಯನ್ನು ಮಂಡಿಸಿದಾಗ ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ: ಪ್ರತಿಯೊಬ್ಬನೂ ಅಂಗಡಿಗೆ ಹೋಗಿ ತಡೆಯಿಲ್ಲದೆ ಬಗೆಬಗೆಯ ಆಯುಧ ಕೊಳ್ಳುವಂತಾದರೆ ರಾಜ್ಯ ಆಡಳಿತ ನಡೆಸುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ತಿದ್ದುಪಡಿ ಬಿದ್ದುಹೋಯಿತು, ಮತ್ತು ಸಂವಿಧಾನದಲ್ಲಿ ಆಯುಧದ ಮಾತು ಹಕ್ಕಾಗಿ ಬರದೆ, ಸಭೆ ಸೇರುವವರು ಶಾಂತಿಯಿಂದ, ನಿರಾಯುಧರಾಗಿ ಸೇರಬೇಕೆಂಬ ಷರತ್ತಾಗಿ 19ನೆಯ ವಿಧಿಯಲ್ಲಿ ಬಂತು. ಹೀಗೆ ಎಲ್ಲರಿಗೂ ಹಕ್ಕಾಗಬೇಕೆಂದಿದ್ದದ್ದು ಯಾರಿಗೂ ಹಕ್ಕಾಗಲಿಲ್ಲ. ಕೆಲವರಿಗೆ ಅನುಗ್ರಹವಾಗಿ ಸಿಕ್ಕಿದ್ದು ಮಾತ್ರ, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ, 1963ರ ಅಧಿಸೂಚನೆಯ ಮೂಲಕ ಹೊಸ ಕಾಯ್ದೆಯೊಳಗೆ ಹಾಗೆಯೇ ದಾಟಿಕೊಂಡಿತು.

ಇದರ ನ್ಯಾಯಾನ್ಯಾಯ ಕಡೆಗೂ ನ್ಯಾಯಾಲಯದ ಮೆಟ್ಟಿಲೇರಿತು. ಜಾತಿ ಅಥವಾ ಜನಾಂಗದ ಮತ್ತು ಪೂರ್ವಜರ ಭೂಮಿಯ ಆಧಾರದ ಮೇಲೆ ಕೊಡುವ ವಿನಾಯಿತಿ ಸಮಾನತೆಗೆ ವಿರುದ್ಧವೆಂದು, ಜಮ್ಮಾ ಪದ್ಧತಿಯ ಸೈನಿಕ ಹೊಣೆ ಇಂದು ಯಾರ ಮೇಲೂ ಇಲ್ಲವೆಂದು ಕೊಡಗಿನವರೇ ಆದ ನಿವೃತ್ತ ಸೇನಾಧಿಕಾರಿಯೊಬ್ಬರು ವಾದಿಸಿದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿದು, ಕೊಡವರದು ಯೋಧ ಪರಂಪರೆಯೆಂದೂ, ಸೌಲಭ್ಯ ಸ್ವಾತಂತ್ರ್ಯಪೂರ್ವದಿಂದ ನಡೆದುಬಂದುದೆಂದೂ, ಅದು ಕಾಲಮಿತಿ ಮತ್ತು ಷರತ್ತುಗಳಿಗೆ ಒಳಪಟ್ಟದ್ದೆಂದೂ ಕಾರಣ ಕೊಟ್ಟಿತು. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ಕೊಟ್ಟ ನಾಡಿನ ಬಗ್ಗೆ ಪರಂಪರೆಯ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಸೈನ್ಯ ಸೇರಿದವನ ಕೋವಿ ಸರ್ಕಾರದ್ದು, ಮನೆಯ ಗೋಡೆಯ ಕೋವಿ ಮನೆಯವನದು, ಮತ್ತು ಒಂದರ ಕೀರ್ತಿಯಿಂದ ಇನ್ನೊಂದನ್ನು ಸಮರ್ಥಿಸುವುದರಲ್ಲಿ ಒಂದು ಹೆಜ್ಜೆ ತಪ್ಪಿದಂತಿದೆ. ಆಯುಧವೂ ಬದಲಾಗಿದೆ: ಕಬ್ಬನ್ನನ ಕಾಲದ ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಸಲಾಕೆಯಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೇಪು ಸಿಕ್ಕಿಸಿ ಕುದುರೆ ಎಳೆಯಬೇಕಿತ್ತು, ಅಷ್ಟಾದರೂ ಹಾರುವುದು ಒಂದೇ ಈಡು; ಹಿಂಬದಿಯಿಂದ ತೋಟಾ ತುಂಬುವ ಇಂದಿನ ಜೋಡುನಳಿಗೆಯ ಕೋವಿಗೆ ಆ ತಾಳ್ಮೆ ಬೇಕಿಲ್ಲ.

ವಿನಾಯಿತಿಯ ಪರವಾಗಿ ಇಂದು ಹೆಚ್ಚು ತೂಕವಿರುವುದು ಆನೆ, ಹಂದಿಗಳ ಕಾಟದ ಮತ್ತು ತೋಟದ ನಡುವಿನ ಒಂಟಿ ಮನೆಗಳ ವಾದಕ್ಕೆ. ಆದರೆ ಅದೇ ವಾದ ವಿನಾಯಿತಿಯ ಗಡಿಯನ್ನು ಪ್ರಶ್ನಿಸುತ್ತದೆ ಕೂಡ. ಸಂಪಾಜೆಯ ಘಟ್ಟ ಇಳಿದು ಸುಳ್ಯ ತಾಲ್ಲೂಕಿಗೆ ಕಾಲಿಟ್ಟರೆ ಅಡಿಕೆ ತೋಟಕ್ಕೆ ನುಗ್ಗುವ ಹಂದಿ ಅದೇ ಕಾಡಿನದು. ಅಲ್ಲಿನ ಕೃಷಿಕ ಬೆಳೆ ರಕ್ಷಣೆಯ ಕೋವಿಗೆ ಅರ್ಜಿ ಹಾಕಿ, ಪೊಲೀಸ್ ವಿಚಾರಣೆ ಮುಗಿಸಿ, ಅವಧಿ ತೀರಿದಾಗಲೆಲ್ಲ ನವೀಕರಿಸಿ, ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವ ಚಿಂತೆಯಲ್ಲಿರುತ್ತಾನೆ. 1834ರಲ್ಲಿ ಕಂಪನಿ ಎಳೆದ ಗೆರೆ ಹಾಗೆ ಕೋವಿಯ ಗೆರೆಯಾಗಿ ನಿಂತಿದೆ. ಗೆರೆಯ ಈಚೆ ಕೊಡಗಿನಲ್ಲೂ, ಆನೆಯ ದಾರಿಗೆ ಎಲ್ಲರಿಗಿಂತ ಹತ್ತಿರವಾಗಿರುವ ಹಾಡಿಗಳ ಯರವರು, ಜೇನುಕುರುಬರು ಆ ಅಧಿಸೂಚನೆಯ ಎರಡು ವರ್ಗಗಳ ಒಳಗೆ ಬರುವುದಿಲ್ಲ.

ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ ಕುಲ ಮತ್ತು ಜಮ್ಮಾ ಎಂಬ ಹಳೆಯ ಎರಡು ಪದಗಳನ್ನು ಹಾಗೆಯೇ ಉಳಿಸಿಕೊಂಡು, ವಿನಾಯಿತಿಗೆ ಹತ್ತು ವರ್ಷಗಳ ಅವಧಿಯನ್ನು ಗೊತ್ತುಮಾಡಿದೆ. ಅದು ಮುಗಿಯುವುದು 2029ರ ಅಕ್ಟೋಬರ್ 31ಕ್ಕೆ.