ಚೆಕ್ಕಿನ ಮೇಲೆ ಯಾರ ಹೆಸರು?

ಅಮೆರಿಕದ ಆರ್ಕನ್ಸಾ ರಾಜ್ಯದ ಈಶಾನ್ಯ ಭಾಗದಲ್ಲಿ ಪಾಯಿನ್‌ಸೆಟ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. 1930ರ ದಶಕದಲ್ಲಿ ಅಲ್ಲಿ ಹತ್ತಿಯೇ ಬದುಕು. ಆದರೆ ಹತ್ತಿ ಬೆಳೆಯುತ್ತಿದ್ದವರಲ್ಲಿ ಬಹಳ ಮಂದಿಗೆ ಸ್ವಂತ ಜಮೀನಿರಲಿಲ್ಲ. ಮಾಲೀಕನ ಹೊಲ, ಮಾಲೀಕನ ಹೇಸರಗತ್ತೆ, ಮಾಲೀಕನ ಅಂಗಡಿಯ ಸಾಲ. ಫಸಲಿನಲ್ಲಿ ಅರ್ಧ ಪಾಲು. ಕೃಷಿ ಸಬ್ಸಿಡಿಯ ಚರಿತ್ರೆಯನ್ನು ಈ ಪಾಲುಗಾರರ ಕಡೆಯಿಂದ ಓದಬೇಕೆಂಬುದು ನನ್ನ ವಾದ.

1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿಯ ಬೆಲೆ 1932ರ ಹೊತ್ತಿಗೆ 6 ಸೆಂಟಿನ ಆಸುಪಾಸಿಗೆ ಕುಸಿಯಿತು. ರೂಸ್ವೆಲ್ಟ್ ಸರ್ಕಾರ 1933ರ ಮೇ ತಿಂಗಳಲ್ಲಿ ಕೃಷಿ ಹೊಂದಾಣಿಕೆ ಕಾಯಿದೆಯನ್ನು ತಂದಿತು. ಅದರ ತರ್ಕ ಸರಳ: ಕಡಿಮೆ ಬೆಳೆದರೆ ಬೆಲೆ ಏರುತ್ತದೆ, ಬೆಳೆಯದೆ ಬಿಟ್ಟ ನೆಲಕ್ಕೆ ಸರ್ಕಾರ ಹಣ ಕೊಡುತ್ತದೆ. ಆ ಬೇಸಿಗೆಯಲ್ಲಿ ಸುಮಾರು 1 ಕೋಟಿ ಎಕರೆಯ ಬೆಳೆದುನಿಂತ ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಲಾಯಿತು. ಬೆಲೆ ಏರಿತು. ಯೋಜನೆ ಫಲಿಸಿತು ಎಂದು ಲೆಕ್ಕಪತ್ರಗಳು ಹೇಳುತ್ತವೆ.

ಫಲ ಯಾರಿಗೆ? 1934-35ರ ಹತ್ತಿ ಒಪ್ಪಂದದಲ್ಲಿ ಪೌಂಡಿಗೆ ನಾಲ್ಕೂವರೆ ಸೆಂಟ್ ಪರಿಹಾರವಿತ್ತು. ಪಾಲುಗಾರನಿಗೆ ಸಲ್ಲಬೇಕಾದದ್ದು ಅದರಲ್ಲಿ ಅರ್ಧ ಸೆಂಟ್ ಮಾತ್ರ. ಅದೂ ಮಾಲೀಕನ ಕೈದಾಟಿ ಬರಬೇಕಿತ್ತು. ಎಷ್ಟೋ ಸಲ ಅಂಗಡಿಯ ಸಾಲಕ್ಕೇ ವಜಾ ಆಗುತ್ತಿತ್ತು. ಯೋಜನೆಯ ಉಸ್ತುವಾರಿಗೆ ರಚಿಸಿದ ಸ್ಥಳೀಯ ಸಮಿತಿಗಳಲ್ಲೂ ಭೂಮಾಲೀಕರದೇ ಮಾತು.

ಸಾಗುವಳಿ ತಗ್ಗಿದ ಮೇಲೆ ದುಡಿಯುವ ಕೈಗಳೂ ಹೆಚ್ಚಾದವು. ಒಪ್ಪಂದದ 7ನೇ ಅಂಶ, ಸಾಧ್ಯವಾದಷ್ಟು ಮಟ್ಟಿಗೆ ಎಂದಿನ ಸಂಖ್ಯೆಯ ಗೇಣಿದಾರರನ್ನು ಉಳಿಸಿಕೊಳ್ಳಬೇಕೆಂದು ಹೇಳಿತ್ತು. ‘ಸಾಧ್ಯವಾದಷ್ಟು’ ಎಂಬ ಆ ಒಂದು ಮಾತಿನ ಸಂದಿಯಲ್ಲೇ ಎಷ್ಟೋ ಕುಟುಂಬಗಳು ಬೀದಿಗೆ ಬಿದ್ದವು.

1934ರ ಜುಲೈನಲ್ಲಿ ಪಾಯಿನ್‌ಸೆಟ್‌ನ ಟೈರೋಂಜಾ ಊರಿನ ಬಳಿಯ ಶಾಲೆಯೊಂದರಲ್ಲಿ 11 ಬಿಳಿಯರು, 7 ಕರಿಯರು ಒಟ್ಟಾಗಿ ಕುಳಿತು ದಕ್ಷಿಣದ ಗೇಣಿದಾರ ರೈತರ ಸಂಘವನ್ನು ಕಟ್ಟಿದರು. ವರ್ಣಭೇದವೇ ಕಾನೂನಾಗಿದ್ದ ನಾಡಿನಲ್ಲಿ ಇದು ಸಣ್ಣ ಧೈರ್ಯವಲ್ಲ. ಸಂಘದ ಸಭೆಗಳ ಮೇಲೆ ದಾಳಿಗಳಾದವು, ಸದಸ್ಯರಿಗೆ ಹೊಡೆತ ಬಿತ್ತು.

ವಾಷಿಂಗ್ಟನ್ನಿನಲ್ಲಿ ಜೆರೋಮ್ ಫ್ರಾಂಕ್ ನೇತೃತ್ವದ ಕಾನೂನು ವಿಭಾಗ, ಮಾಲೀಕರು ಅದೇ ಗೇಣಿದಾರರನ್ನೇ ಉಳಿಸಿಕೊಳ್ಳಬೇಕೆಂದು 7ನೇ ಅಂಶವನ್ನು ವ್ಯಾಖ್ಯಾನಿಸಿತು. 1935ರ ಫೆಬ್ರುವರಿಯಲ್ಲಿ ಫ್ರಾಂಕ್ ಮತ್ತು ಅವರ ಕೆಲವು ಸಹೋದ್ಯೋಗಿಗಳನ್ನು ಕೆಲಸದಿಂದ ತೆಗೆಯಲಾಯಿತು. ಮರುವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಾಯಿದೆಯ ಬುಡವನ್ನೇ ಅಲ್ಲಾಡಿಸಿತು. ಆದರೆ ಅಲ್ಲಿ ವಾದ ನಡೆದದ್ದು ತೆರಿಗೆಯ ಬಗ್ಗೆ, ರಾಜ್ಯಗಳ ಅಧಿಕಾರದ ಬಗ್ಗೆ. ಪಾಲುಗಾರನ ಪ್ರಶ್ನೆ ಅಲ್ಲಿಗೆ ತಲುಪಲೇ ಇಲ್ಲ.

ಮುಂದಿನ ಯೋಜನೆಗಳಲ್ಲಿ ಪಾಲುಗಾರರಿಗೆ ನೇರವಾಗಿ ಹಣ ಕೊಡುವ ನಿಯಮ ಬಂತು. ಆಗ ಹಲವು ಮಾಲೀಕರು ಪಾಲುಗಾರರನ್ನು ದಿನಗೂಲಿಗಳನ್ನಾಗಿ ಮಾಡಿಕೊಂಡರು. ಕೂಲಿಯವನಿಗೆ ಫಸಲಿನಲ್ಲಿ ಪಾಲಿಲ್ಲ. ಹಾಗಾಗಿ ಪರಿಹಾರದಲ್ಲೂ ಇಲ್ಲ. ಸಬ್ಸಿಡಿಯ ಹಣ ಟ್ರಾಕ್ಟರ್ ಕೊಳ್ಳಲೂ ನೆರವಾಯಿತು.

ಸಬ್ಸಿಡಿಯ ಕಡತ ಸಿಕ್ಕಾಗಲೆಲ್ಲ ನಾವು ಒಟ್ಟು ಮೊತ್ತವನ್ನು ಹುಡುಕುತ್ತೇವೆ. ‘ರೈತ’ ಎಂಬ ಕಲಮಿನಲ್ಲಿ ಯಾರನ್ನು ಬರೆದಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂಬುದನ್ನು ಅದಕ್ಕೂ ಮೊದಲು ನೋಡಬೇಕೆಂದು ಪಾಯಿನ್‌ಸೆಟ್ ನನಗೆ ಕಲಿಸಿದೆ.