ಎರಡು ಬಗೆಯ ಕ್ಯಾಂಪುಗಳು

ನಮ್ಮ ರಾಯಚೂರು ಜಿಲ್ಲೆಯ ಊರುಗಳ ಪಟ್ಟಿಯನ್ನು ಓದುವ ಹೊರಜಿಲ್ಲೆಯವರಿಗೆ ‘ಕ್ಯಾಂಪ್’ ಎಂಬ ಪದ ಪದೇಪದೇ ಕಾಣಿಸಿ ಸೋಜಿಗವೆನಿಸುತ್ತದೆ. ಸೈನ್ಯದ ಬಿಡಾರವಿತ್ತೇ ಎಂದು ಕೇಳಿದವರೂ ಉಂಟು. ಮಾನ್ವಿಯಿಂದ ಸಿಂಧನೂರಿನ ಕಡೆಗೆ ಹೋಗುವಾಗ ಕಾಲುವೆಯ ಆಸುಪಾಸಿನಲ್ಲಿ ಇಂಥ ಕ್ಯಾಂಪುಗಳು ಹಲವಾರು. ಇವು ಸೈನ್ಯದವಲ್ಲ, ಹೊರಗಿನಿಂದ ಬಂದು ನೆಲೆನಿಂತವರ ಊರುಗಳು. ಇವುಗಳಲ್ಲಿ ಎರಡು ಬಗೆಗಳಿವೆ. ಆ ಎರಡರ ನಡುವಿನ ಅಂತರವನ್ನು ನನ್ನ ಹಳೆಯ ವಿದ್ಯಾರ್ಥಿಗಳ ಮುಂದೆ ಇಡಬೇಕೆಂಬುದು ಈ ಬರಹದ ಉದ್ದೇಶ.

‘ಒಳಗಿನವರು ಯಾರು, ಹೊರಗಿನವರು ಯಾರು’ ಎಂಬ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ‘ಮುಲ್ಕಿ’ ಎಂದರೆ ಸಂಸ್ಥಾನದವನು, ‘ಗೈರ್ ಮುಲ್ಕಿ’ ಎಂದರೆ ಹೊರಗಿನವನು. 1919ರ ಫರ್ಮಾನಿನ ಪ್ರಕಾರ ಹೊರಗಿನಿಂದ ಬಂದವನು ಹದಿನೈದು ವರ್ಷ ನೆಲೆಸಿದ್ದರೆ ಮಾತ್ರ ಮುಲ್ಕಿಯಾಗಬಹುದಿತ್ತು. ಆದರೆ ಈ ಕಟ್ಟುಪಾಡು ಮುಖ್ಯವಾಗಿ ಸರ್ಕಾರಿ ನೌಕರಿಗೆ ಸಂಬಂಧಿಸಿದ್ದು, ವ್ಯಾಪಾರಕ್ಕಲ್ಲ. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ಇಲ್ಲಿನ ಹತ್ತಿ, ಶೇಂಗಾ ವ್ಯಾಪಾರಕ್ಕೆ ಹೊರಗಿನ ವರ್ತಕರು ಬಂದರು. ಹಾಲಿ ಸಿಕ್ಕಾದ ಏಳು ರೂಪಾಯಿಗೆ ಬ್ರಿಟಿಷರ ಆರು ರೂಪಾಯಿ ಎಂಬ ಲೆಕ್ಕದಲ್ಲಿ ವ್ಯವಹಾರ ನಡೆಯುತ್ತಿತ್ತೆಂದು ನನ್ನ ತಾತನವರು ಹೇಳುತ್ತಿದ್ದರು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಸರ್ಕಾರದ ನೀತಿ ಬದಲಾಯಿತು. ತಲೆಮಾರುಗಳಿಂದ ಸಂಸ್ಥಾನದಲ್ಲಿದ್ದ ಅರಬ್ಬರು ಮತ್ತು ಪಠಾಣರಲ್ಲಿ ಅನೇಕರನ್ನು ಪರದೇಶಿಗಳೆಂದು ಹಿಡಿದು ಹೊರಗೆ ಕಳುಹಿಸಲಾಯಿತು. ಕಾವಲುಗಾರಿಕೆ ಮತ್ತು ಬಡ್ಡಿ ವ್ಯವಹಾರ ಮಾಡುತ್ತಿದ್ದವರು ಅವರಲ್ಲಿ ಬಹಳ ಮಂದಿ. ಆಳುವವರ ಲೆಕ್ಕ ಬದಲಾದರೆ ಪೇಟೆಯ ಲೆಕ್ಕವೂ ಬದಲಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಕ್ಯಾಂಪುಗಳ ವಿಷಯ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು, ಎಡದಂಡೆ ಕಾಲುವೆ ನಮ್ಮ ಎರೆಭೂಮಿಗೆ ನೀರು ತಂದಿತು. ಜೋಳ ಬಿತ್ತಿ ಮಳೆಯನ್ನು ನಂಬಿದ್ದ ನಮ್ಮ ರೈತರಿಗೆ ಕೆಸರಿನಲ್ಲಿ ನಾಟಿ ಮಾಡುವ ಬೇಸಾಯ ಅಷ್ಟಾಗಿ ತಿಳಿದಿರಲಿಲ್ಲ. ಆಗ ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳ ರೈತರು ಅಲ್ಲಿ ಸ್ವಲ್ಪ ಭೂಮಿ ಮಾರಿ ಇಲ್ಲಿ ಅಗ್ಗದ ದರಕ್ಕೆ ಹೆಚ್ಚು ಭೂಮಿ ಕೊಂಡರು. ಭತ್ತ ಬಂತು, ರೈಸ್ ಮಿಲ್ಲುಗಳು ಬಂದವು, ಗೊಬ್ಬರದ ಅಂಗಡಿಗಳು ಬಂದವು. ಇದು ಮೊದಲನೆಯ ಬಗೆಯ ಕ್ಯಾಂಪು. ಭೂಮಿ ಮಾರಿಕೊಂಡ ಸ್ಥಳೀಯರು ಕೆಲವರು ತಮ್ಮ ಹೊಲದಲ್ಲೇ ಕೂಲಿಗಳಾದರು ಎಂಬುದನ್ನೂ ಮರೆಯಬಾರದು.

ಎರಡನೆಯ ಬಗೆಯದು ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು, ಅಂದರೆ ಪುನರ್ವಸತಿ ಕ್ಯಾಂಪುಗಳು. ಇವುಗಳ ಹಿಂದೆ ಎರಡು ದೇಶಗಳ ಕಥೆಯಿದೆ. ಬರ್ಮಾದಲ್ಲಿ 1962ರಲ್ಲಿ ಸೈನ್ಯಾಧಿಕಾರಿ ನೆ ವಿನ್ ಅಧಿಕಾರ ಹಿಡಿದನು. ಅವನ ಸರ್ಕಾರ 1964ರಲ್ಲಿ ಅಂಗಡಿಗಳನ್ನು ರಾಷ್ಟ್ರೀಕರಣಗೊಳಿಸಿ, ಐವತ್ತು ಮತ್ತು ನೂರು ಕ್ಯಾಟ್ ನೋಟುಗಳನ್ನು ರದ್ದುಮಾಡಿತು. ಸುಮಾರು ಮೂರು ಲಕ್ಷ ಭಾರತೀಯರು ಅಂಗಡಿ, ಉಳಿತಾಯ ಎಲ್ಲವನ್ನೂ ಬಿಟ್ಟು ಹಿಂದಿರುಗಬೇಕಾಯಿತು. ಅವರಲ್ಲಿ ಕೆಲವು ತಮಿಳು ಕುಟುಂಬಗಳು ಸಿಂಧನೂರಿಗೆ ಬಂದವು. ಇನ್ನುಳಿದ ಕ್ಯಾಂಪುಗಳು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳದು. ಪಶ್ಚಿಮ ಬಂಗಾಳದಲ್ಲಿ ಹಿಡಿಸದಷ್ಟು ನಿರಾಶ್ರಿತರನ್ನು ಕೇಂದ್ರ ಸರ್ಕಾರ 1958ರ ದಂಡಕಾರಣ್ಯ ಯೋಜನೆಯೇ ಮೊದಲಾದ ಏರ್ಪಾಡುಗಳಿಂದ ಬೇರೆ ರಾಜ್ಯಗಳಿಗೆ ಹಂಚಿತು. 1960ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗೆ ನೂರಾರು ಕುಟುಂಬಗಳಿಗೆ ಸಿಂಧನೂರಿನಲ್ಲಿ ಭೂಮಿ ದೊರೆಯಿತು. ಭತ್ತ ಮತ್ತು ಮೀನು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ.

ತೆಲುಗು ಕ್ಯಾಂಪಿನವನೂ ಬಂಗಾಳಿ ಕ್ಯಾಂಪಿನವನೂ ಇಲ್ಲಿಗೆ ಪರಊರಿನವರೇ. ಇಬ್ಬರೂ ಅದೇ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದರು. ಆದರೆ ಒಬ್ಬನು ದಾಟಿ ಬಂದದ್ದು ರಾಜ್ಯದ ಗಡಿ, ಇನ್ನೊಬ್ಬನು ದಾಟಿದ್ದು 1947ರಲ್ಲಿ ಎಳೆದ ದೇಶದ ಗಡಿ. ಸಂವಿಧಾನದ 19ನೆಯ ವಿಧಿ ಮೊದಲನೆಯವನಿಗೆ ಎಲ್ಲಿಯಾದರೂ ನೆಲೆಸುವ ಹಕ್ಕು ಕೊಟ್ಟಿತು. ನಾನು ದೇವದುರ್ಗದಲ್ಲಿ ಪಾಠ ಹೇಳುತ್ತಿದ್ದಾಗ ಬೇಸಿಗೆ ಬಂತೆಂದರೆ ಮಕ್ಕಳು ತಂದೆತಾಯಿಯರೊಡನೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರು. ಅವರ ಬಡತನ ಕಂಡು ಮರುಗಿದ್ದೇನೆ, ಆದರೆ ಪೌರತ್ವದ ಕಾಗದ ತೋರಿಸೆಂದು ಅವರನ್ನು ಯಾರೂ ತಡೆದದ್ದಿಲ್ಲ.

ಬಂಗಾಳಿ ಕ್ಯಾಂಪಿನಲ್ಲಿ ಮೊದಲು ಬಂದವರ ಸ್ಥಿತಿ ಒಂದಾದರೆ, 1971ರ ಮಾರ್ಚ್ 25ರ ನಂತರ ಬಂಧುಗಳನ್ನು ಹುಡುಕಿಕೊಂಡು ಬಂದವರದು ಇನ್ನೊಂದು. ಅವರು ಬಾಂಗ್ಲಾದೇಶಕ್ಕೆ ಹಿಂದಿರುಗತಕ್ಕವರೆಂಬುದು ಸರ್ಕಾರದ ನಿಲುವಾಗಿತ್ತು. 2003ರ ಪೌರತ್ವ ತಿದ್ದುಪಡಿ ಈ ಗಂಟನ್ನು ಇನ್ನಷ್ಟು ಬಿಗಿಗೊಳಿಸಿತು. 2004ರ ಡಿಸೆಂಬರ್ 3ರ ನಂತರ ಇಲ್ಲಿಯೇ ಹುಟ್ಟಿದರೂ, ತಂದೆತಾಯಿಯರಲ್ಲಿ ಒಬ್ಬರು ಅಕ್ರಮ ವಲಸಿಗರೆಂದಾದರೆ ಆ ಮಗು ಹುಟ್ಟಿನಿಂದ ಪೌರನಲ್ಲ. ಸಿಂಧನೂರಿನಲ್ಲಿ ಸೇವೆ ಸಲ್ಲಿಸಿದ ನನ್ನ ಸಹೋದ್ಯೋಗಿಯೊಬ್ಬರು, ಒಳ್ಳೆಯ ಅಂಕ ಪಡೆದ ಕ್ಯಾಂಪಿನ ಹುಡುಗರು ಮುಂದೇನೆಂದು ತೋಚದೆ ಕೂರುತ್ತಿದ್ದುದನ್ನು ನೊಂದು ಹೇಳುತ್ತಿದ್ದರು. ಬಂಗಾಳದಲ್ಲಿ ಪರಿಶಿಷ್ಟ ಜಾತಿಯೆನಿಸಿದ ನಾಮಶೂದ್ರರನ್ನು ಇಲ್ಲಿಯೂ ಹಾಗೆಯೇ ಗುರುತಿಸಬೇಕೆಂಬುದು ಅವರ ಬಹುಕಾಲದ ಬೇಡಿಕೆ.

ವ್ಯವಹಾರದ ಮೇಲೆ ಇದರ ಪರಿಣಾಮವನ್ನು ನೀವೇ ಊಹಿಸಬಹುದು. ಕಾಗದವಿಲ್ಲದವನಿಗೆ ಬ್ಯಾಂಕಿನ ಸಾಲ ಕಷ್ಟ. ಸಾಲವಿಲ್ಲದಿದ್ದರೆ ಮೀನಿನ ಬುಟ್ಟಿ ಹೊತ್ತವನು ಅಂಗಡಿ ಇಡಲಾರ. ಬಿತ್ತನೆಗೆ ಅಡತಿ ಅಂಗಡಿಯವನ ಬಳಿ ಮುಂಗಡ ತಂದವನು ಸುಗ್ಗಿಯಲ್ಲಿ ಅವನು ಹೇಳಿದ ದರಕ್ಕೇ ಭತ್ತ ಅಳೆಯಬೇಕು. ದುಡಿಮೆಯಲ್ಲಿ ಸಮನಾದವರು ಬಂಡವಾಳದಲ್ಲಿ ಹಿಂದೆ ಬಿದ್ದರೆ, ಅದಕ್ಕೆ ಸೋಮಾರಿತನ ಕಾರಣವಲ್ಲ.

2019ರ ತಿದ್ದುಪಡಿ, 2014ರ ಡಿಸೆಂಬರ್ 31ರೊಳಗೆ ಮೂರು ನೆರೆದೇಶಗಳಿಂದ ಬಂದ ಆರು ಧರ್ಮದವರಿಗೆ ದಾರಿ ತೆರೆಯಿತು. ಮುಸ್ಲಿಮರನ್ನು ಹೊರಗಿಟ್ಟದ್ದರ ವಿರುದ್ಧ ದೇಶದಾದ್ಯಂತ ಪ್ರತಿಭಟನೆಗಳೂ ನಡೆದವು. ಧರ್ಮ ನೋಡಿ ಪೌರತ್ವ ಕೊಡುವುದು ಸಂವಿಧಾನಕ್ಕೆ ಒಪ್ಪುವುದೇ ಎಂಬ ಆ ಪ್ರಶ್ನೆ ಲಘುವಾದುದಲ್ಲ. ನಿಯಮಗಳು ಬಂದದ್ದು 2024ರ ಮಾರ್ಚ್ 11ರಂದು. ಅದೇ ವರ್ಷ ಸಿಂಧನೂರಿನ ಕ್ಯಾಂಪಿನ ಕೆಲವರ ಕೈಗೆ ಪೌರತ್ವದ ಪತ್ರ ಬಂದಿತು. ಆದರೆ ತಾನೋ ತನ್ನ ಹಿರಿಯರೋ ಆ ದೇಶದವರೆಂದು ತೋರಿಸುವ ದಾಖಲೆ ಬೇಕು. ಉಟ್ಟ ಬಟ್ಟೆಯಲ್ಲಿ ಓಡಿಬಂದವನು ಬಿಟ್ಟುಬಂದ ಊರಿನ ಕಾಗದವನ್ನು ಎಲ್ಲಿಂದ ತಂದಾನು?

ನಿಮ್ಮಲ್ಲಿ ಇಂದು ಕೆಲವರು ತಹಶೀಲ್ದಾರ್ ಕಚೇರಿಯಲ್ಲಿದ್ದೀರಿ, ಕೆಲವರು ಬ್ಯಾಂಕಿನಲ್ಲಿದ್ದೀರಿ, ರಾಯಚೂರಿನ ಗಂಜಿನಲ್ಲಿ ಅಡತಿ ನಡೆಸುವವರೂ ಇದ್ದೀರಿ. ಅರ್ಜಿ ಹಿಡಿದು ಕ್ಯಾಂಪಿನವನೊಬ್ಬ ನಿಮ್ಮೆದುರು ನಿಂತಾಗ ಕಾನೂನು ಬಿಟ್ಟು ನಡೆಯಿರೆಂದು ನಾನು ಹೇಳಲಾರೆ. ಅವನನ್ನು ಕೂರಿಸಿ, ಕಾನೂನಿನಲ್ಲಿ ಇರುವ ದಾರಿಯನ್ನು ಸರಿಯಾಗಿ ತಿಳಿಸಿಕೊಡಿ. ನಾವು ಉಣ್ಣುವ ಅನ್ನದಲ್ಲಿ ಅವನ ಬೆವರೂ ಇದೆ.